ಪ್ಯಾಸಿವ್ ವಾಯ್ಸ್: ಎಲ್ಲದಕ್ಕೂ ‘ವಾಸ್’ ಹಾಕಿದರೆ ಆಗುವುದಿಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವುದು. ನಾನು ಊರಲ್ಲಿ, ಕಾರ್ಕಳದ ಕಡೆ, ಕನ್ನಡ ಮೀಡಿಯಂನಲ್ಲಿ ಓದಿದವಳು. ಮಗ ಇಲ್ಲಿ ಇಂಗ್ಲಿಷ್ ಮೀಡಿಯಂ, ಈ ವರ್ಷ ಹತ್ತನೇ ಕ್ಲಾಸ್. ‘ಚೇಂಜ್ ದಿ ವಾಯ್ಸ್’ ಅಂತ ಬಂದರೆ ಎಲ್ಲದಕ್ಕೂ ‘ವಾಸ್’ ಹಾಕಿಬಿಡುತ್ತಾನೆ. ಮರಾಠಿ ಕ್ಲಾಸಲ್ಲಿ ಕಲಿತ ಕರ್ಮಣಿ ಪ್ರಯೋಗವೂ ಇದೇ ಅಲ್ವಾ ಅಂತ ವಾದ ಮಾಡುತ್ತಾನೆ. ಅವನ ನೋಟ್‌ಬುಕ್ಕಿನ ಮೂರು ವಾಕ್ಯ ಕಳಿಸಿದ್ದೇನೆ. ಜೊತೆಗೆ ನಮ್ಮ ಹೌಸಿಂಗ್ ಸೊಸೈಟಿಗೆ ನಾನೇ ಬರೆದ ಒಂದು ನೋಟಿಸ್ ಕೂಡ ಇದೆ, ಅದರಲ್ಲೂ ಏನೋ ಸರಿ ಇಲ್ಲ ಅನಿಸುತ್ತದೆ. ಇದನ್ನು ಹೇಗೆ ಹೇಳಿಕೊಡುವುದು? ನಿಜ ಜೀವನದಲ್ಲಿ ಇದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ನಮಸ್ಕಾರ. ನಿಮ್ಮ ಮಗ ಬರೆದ ಮೂರು ವಾಕ್ಯಗಳನ್ನು ನೋಡಿದೆ. ‘ದಿ ಬಾಯ್ ವಾಸ್ ಸ್ಲೆಪ್ಟ್.’ ‘ಆ್ಯನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್.’ ‘ದಿ ನೋಟಿಸ್ ವಾಸ್ ರಿಟನ್ ಬೈ ದಿ ಸೆಕ್ರೆಟರಿ.’ ಮೊದಲ ಎರಡು ಇಂಗ್ಲಿಷೇ ಅಲ್ಲ. ಮೂರನೆಯದು ಇಂಗ್ಲಿಷಾಗಿ ಸರಿಯಾಗಿಯೇ ಇದೆ, ಆದರೆ ಪ್ರಶ್ನೆಯಲ್ಲಿ ಕೊಟ್ಟದ್ದು ‘ದಿ ಸೆಕ್ರೆಟರಿ ಈಸ್ ರೈಟಿಂಗ್ ದಿ ನೋಟಿಸ್’ ಅಂತ, ಅಂದರೆ ಸೆಕ್ರೆಟರಿ ಈಗ ಬರೆಯುತ್ತಾ ಇದ್ದಾರೆ. ಹಾಗಾಗಿ ಉತ್ತರ ತಪ್ಪು. ಒಂದು ವಿಷಯ ಗಮನಿಸಿ. ಸ್ಲೆಪ್ಟ್, ಹ್ಯಾಪನ್ಡ್, ರಿಟನ್, ಈ ಮೂರನೇ ರೂಪಗಳನ್ನು (ರೈಟ್, ರೋಟ್, ರಿಟನ್ ಅನ್ನುವಲ್ಲಿ ಮೂರನೆಯದು) ಅವನು ಒಂದೂ ತಪ್ಪದೆ ಬರೆದಿದ್ದಾನೆ. ಬಾಯಿಪಾಠ ಚೆನ್ನಾಗಿಯೇ ಆಗಿದೆ. ಇನ್ನೂ ಹತ್ತು ಸಲ ಟೇಬಲ್ ಬರೆಸಿದರೆ ಏನೂ ಬದಲಾಗುವುದಿಲ್ಲ. ಅವನಿಗೆ ಬೇಕಾಗಿರುವುದು ಎರಡೇ. ಈ ವಾಕ್ಯ ಪ್ಯಾಸಿವ್ ಆಗುತ್ತದಾ ಇಲ್ಲವಾ ಅಂತ ಮೊದಲು ನೋಡುವ ಅಭ್ಯಾಸ. ಆಮೇಲೆ, ವಾಕ್ಯದ ಕಾಲ ಯಾವ ಪದದ ಮೇಲೆ ಕೂರುತ್ತದೆ ಅನ್ನುವ ತಿಳುವಳಿಕೆ.

ಮೊದಲನೆಯದನ್ನು ತೆಗೆದುಕೊಳ್ಳೋಣ. ಪ್ಯಾಸಿವ್ ಅಂದರೆ, ಮಾಡಿದವರನ್ನು ಬಿಟ್ಟು, ಯಾವುದರ ಮೇಲೆ ಕೆಲಸ ನಡೆಯಿತೋ ಅದರ ಬಗ್ಗೆ ಮಾತಾಡುವುದು. ಅಂಥದ್ದೊಂದು ವಾಕ್ಯದಲ್ಲಿ ಇರಲೇಬೇಕು, ಇಲ್ಲದಿದ್ದರೆ ಯಾವುದನ್ನು ಮುಂದಕ್ಕೆ ತರುವುದು? ಆಬ್ಜೆಕ್ಟ್ ಹುಡುಕಲು ಶಾಲೆಯಲ್ಲಿ ‘ಏನನ್ನು’, ‘ಯಾರನ್ನು’ ಅಂತ ಕೇಳಿ ಅಂತಾರೆ. ಒಳ್ಳೆಯದೇ. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಇಲ್ಲೇ ಎಡವುತ್ತಾರೆ, ಯಾಕೆಂದರೆ ನಾವು ನಿದ್ದೆ ‘ಮಾಡುತ್ತೇವೆ’, ಸ್ನಾನ ‘ಮಾಡುತ್ತೇವೆ’. ಹುಡುಗ ಏನು ಮಾಡಿದ? ನಿದ್ದೆ ಮಾಡಿದ. ಏನನ್ನು? ನಿದ್ದೆಯನ್ನು. ಓಹೋ, ಆಬ್ಜೆಕ್ಟ್ ಸಿಕ್ಕಿತು ಅಂತ ಅವನಿಗೆ ಅನಿಸುತ್ತದೆ, ಅದರಲ್ಲಿ ಅವನ ತಪ್ಪು ಏನೂ ಇಲ್ಲ. ಅದಕ್ಕೇ ಪ್ರಶ್ನೆಯನ್ನು ಕನ್ನಡ ಅರ್ಥಕ್ಕೆ ಕೇಳಬಾರದು, ಎದುರಿಗಿರುವ ಇಂಗ್ಲಿಷ್ ವಾಕ್ಯಕ್ಕೇ ಕೇಳಬೇಕು. ‘ದಿ ಬಾಯ್ ಸ್ಲೆಪ್ಟ್.’ ಸ್ಲೆಪ್ಟ್ ಆದಮೇಲೆ ಏನಾದರೂ ಇದೆಯಾ? ಇಲ್ಲ. ಹಾಗಾದರೆ ಪ್ಯಾಸಿವ್ ಇಲ್ಲ, ಕತೆ ಮುಗಿಯಿತು. ಗೋ, ಕಮ್, ಅರೈವ್, ಹ್ಯಾಪನ್, ಡೈ, ಸ್ಲೀಪ್, ಇವು ಹೀಗೆ ಆಬ್ಜೆಕ್ಟ್ ಇಲ್ಲದೆ ಬಂದಾಗ ಪ್ಯಾಸಿವ್ ಆಗುವುದಿಲ್ಲ. ‘ಆಕ್ಸಿಡೆಂಟ್ ಹ್ಯಾಪನ್ಡ್’ ಅಷ್ಟೇ. ‘ಹಿ ಡೈಡ್’ ಅಷ್ಟೇ. ಅಲ್ಲಿ ‘ವಾಸ್’ಗೆ ಜಾಗವೇ ಇಲ್ಲ.

ಇದರ ಉಲ್ಟಾ ಇನ್ನೊಂದು ಕಡೆ ಆಗುತ್ತದೆ. ಕನ್ನಡದಲ್ಲಿ ‘ಅವನಿಗೆ ಹೊಡೆದರು’ ಅನ್ನುತ್ತೇವೆ, ಅಲ್ಲಿ ‘ಅವನನ್ನು’ ಇಲ್ಲ. ಹಾಗಂತ ಇಂಗ್ಲಿಷಲ್ಲಿ ಆಬ್ಜೆಕ್ಟ್ ಇಲ್ಲ ಅಂತ ಅಲ್ಲ. ‘ದೇ ಹಿಟ್ ಹಿಮ್’ ಅನ್ನುವುದು ಆರಾಮಾಗಿ ‘ಹಿ ವಾಸ್ ಹಿಟ್’ ಆಗುತ್ತದೆ. ಮತ್ತೆ ಅದೇ ಮಾತು: ಇಂಗ್ಲಿಷ್ ವಾಕ್ಯವನ್ನೇ ನೋಡಬೇಕು.

ಒಂದೇ ಕ್ರಿಯಾಪದ ಎರಡೂ ಥರ ನಡೆದುಕೊಳ್ಳುವುದೂ ಉಂಟು. ನಮ್ಮ ಮುಂಬೈಯದ್ದೇ ಒಂದು ಸಂಗತಿ ಹೇಳುತ್ತೇನೆ. 1853ರ ಏಪ್ರಿಲ್ 16ರಂದು ಬೋರಿ ಬಂದರದಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿತು, ಇದು ಅವನ ಪುಸ್ತಕದಲ್ಲೂ ಇರಬಹುದು. ‘ದಿ ಟ್ರೇನ್ ರ‍್ಯಾನ್ ಫ್ರಮ್ ಬೋರಿ ಬಂದರ್ ಟು ಠಾಣೆ.’ ರೈಲು ತಾನೇ ಓಡಿತು, ಇದನ್ನು ಪ್ಯಾಸಿವ್ ಮಾಡಲು ಬರುವುದಿಲ್ಲ. ಆದರೆ ‘ದಿ ಲೈನ್ ವಾಸ್ ಓಪನ್ಡ್ ಇನ್ 1853’ ಅನ್ನುವುದು ಪಕ್ಕಾ ಪ್ಯಾಸಿವ್, ಯಾಕೆಂದರೆ ಲೈನನ್ನು ಯಾರೋ ತೆರೆದರು. ಈಗ ಇದೇ ‘ಓಪನ್’ ಅನ್ನು ಅಂಗಡಿಗೆ ಹಾಕಿ ನೋಡಿ: ‘ದಿ ಶಾಪ್ ಓಪನ್ಸ್ ಅಟ್ ನೈನ್.’ ಇಲ್ಲಿ ಪ್ಯಾಸಿವ್ ಇಲ್ಲ, ಬೇಕೂ ಇಲ್ಲ. ಕನ್ನಡದಲ್ಲಿ ‘ಗ್ಲಾಸು ಒಡೆಯಿತು’, ‘ಗ್ಲಾಸನ್ನು ಒಡೆದರು’ ಅಂತ ಎರಡು ಇಲ್ವಾ? ಒಡೆಯಿತು ಅಂದರೆ ‘ದಿ ಗ್ಲಾಸ್ ಬ್ರೋಕ್’. ಒಡೆದರು ಅಂದರೆ, ಯಾರು ಅಂತ ಹೇಳದಿದ್ದರೆ, ‘ದಿ ಗ್ಲಾಸ್ ವಾಸ್ ಬ್ರೋಕನ್’. ಈ ಜೋಡಿಯನ್ನು ಅವನಿಗೆ ಮೊದಲು ತೋರಿಸಿ. ಮನೆಮಾತು ಇಲ್ಲಿ ನಿಜವಾಗಿಯೂ ಕೈ ಹಿಡಿಯುತ್ತದೆ.

ಈಗ ಕನ್ನಡದ ವಿಷಯಕ್ಕೇ ಬರುತ್ತೇನೆ, ಇದು ತುಂಬಾ ಮುಖ್ಯ. ನೀವು ಊರಲ್ಲಿ ಕಲಿಯುವಾಗ ಟೀಚರ್ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಹೇಳಿಕೊಟ್ಟಿರುತ್ತಾರೆ. ವ್ಯಾಕರಣದ ಪುಸ್ತಕದಲ್ಲಿ ಅದು ಸರಿ. ಆದರೆ ‘ನನ್ನಿಂದ ಊಟ ಮಾಡಲ್ಪಟ್ಟಿತು’ ಅಂತ ಯಾವ ಮನೆಯಲ್ಲಿ ಹೇಳುತ್ತಾರೆ? ಮಕ್ಕಳಿಗೆ ಪ್ಯಾಸಿವನ್ನು ಈ ‘ಅಲ್ಪಟ್ಟಿತು’ ಮೂಲಕ ಹೇಳಿಕೊಟ್ಟರೆ, ಇದು ಯಾರೂ ಆಡದ ಮಾತು, ಪರೀಕ್ಷೆಗೋಸ್ಕರ ಮಾಡಿದ ಲೆಕ್ಕ ಅಂತ ತೀರ್ಮಾನ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಹೇಳಿಕೊಡಬೇಡಿ.

ನಾವು ನಿಜವಾಗಿ ಏನು ಮಾಡುತ್ತೇವೆ ಅಂದರೆ, ಮಾಡಿದವರ ಹೆಸರನ್ನು ಸುಮ್ನೆ ಬಿಟ್ಟುಬಿಡುತ್ತೇವೆ. ‘ನಮ್ಮ ಬಿಲ್ಡಿಂಗಲ್ಲಿ ನೀರು ನಿಲ್ಲಿಸಿದ್ದಾರೆ.’ ಯಾರು? ಹೇಳಲಿಲ್ಲ. ‘ರಸ್ತೆ ಅಗೆದು ಹಾಕಿದ್ದಾರೆ.’ ‘ಸ್ಟೇಷನ್ ಹತ್ತಿರದ ಬ್ರಿಜ್ ಬಂದ್ ಮಾಡಿದ್ದಾರೆ.’ ‘ಸ್ಕೂಲಲ್ಲಿ ಫೀಸ್ ಕಟ್ಟಲು ಹೇಳಿದ್ದಾರೆ.’ ದಿನಕ್ಕೆ ಎಷ್ಟು ಸಲ ಹೀಗೆ ಮಾತಾಡುತ್ತೇವೆ ನೋಡಿ. ಕೆಲಸ ಮಾಡಿದವರು ಯಾರು ಅಂತ ಹೇಳದೆ ‘ದ್ದಾರೆ’ ಅಂತ ಮುಗಿಸುವ ಈ ವಾಕ್ಯಗಳೇ ನಮ್ಮ ಪ್ಯಾಸಿವ್ ಅಂತ ತಿಳಿದುಕೊಳ್ಳಿ. ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟ್ ಜಾಗವನ್ನು ಹಾಗೆ ಖಾಲಿ ಬಿಡಲು ಆಗುವುದಿಲ್ಲ. ಅಲ್ಲಿ ಯಾರನ್ನಾದರೂ ಕೂರಿಸಲೇಬೇಕು. ಮಾಡಿದವರು ಇಲ್ಲ ಅಂದಮೇಲೆ ನೀರನ್ನೇ, ರಸ್ತೆಯನ್ನೇ, ಬ್ರಿಜ್ಜನ್ನೇ ತಂದು ಕೂರಿಸುತ್ತಾರೆ. ‘ದಿ ವಾಟರ್ ಹ್ಯಾಸ್ ಬೀನ್ ಸ್ಟಾಪ್ಡ್.’ ‘ದಿ ರೋಡ್ ಹ್ಯಾಸ್ ಬೀನ್ ಡಗ್ ಅಪ್.’ ‘ದಿ ಬ್ರಿಜ್ ಹ್ಯಾಸ್ ಬೀನ್ ಕ್ಲೋಸ್ಡ್.’ ನಿಮ್ಮ ಮಗನಿಗೆ ಈ ಕಡೆಯಿಂದ ಹೇಳಿ ನೋಡಿ. ಪ್ಯಾಸಿವ್ ಯಾಕೆ ಬೇಕು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಇನ್ನು ಮರಾಠಿ. 2020ರ ಕಾಯ್ದೆ ಆದಮೇಲೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಹಾಗಾಗಿ ಇಲ್ಲಿನ ನಮ್ಮ ಮಕ್ಕಳೆಲ್ಲ ಅದನ್ನು ಕಲಿಯುತ್ತಾರೆ, ಒಳ್ಳೆಯದೇ ಆಯಿತು. ಆದರೆ ಮರಾಠಿಯ ‘ಕರ್ಮಣಿ ಪ್ರಯೋಗ’ ಮತ್ತು ಇಂಗ್ಲಿಷಿನ ಪ್ಯಾಸಿವ್ ಒಂದೇ ಅಲ್ಲ, ಇಲ್ಲಿ ನಿಮ್ಮ ಮಗ ತುಂಬಾ ಬುದ್ಧಿವಂತಿಕೆಯಿಂದಲೇ ದಾರಿ ತಪ್ಪಿದ್ದಾನೆ. ‘ರಾಮಾನೇ ಆಂಬಾ ಖಾಲ್ಲಾ’, ‘ರಾಮಾನೇ ಪೋಳೀ ಖಾಲ್ಲೀ.’ ತಿಂದವನು ಅದೇ ರಾಮ, ಆದರೂ ಕ್ರಿಯಾಪದ ಖಾಲ್ಲಾ ಇದ್ದದ್ದು ಖಾಲ್ಲೀ ಆಯಿತು, ಯಾಕೆಂದರೆ ಅದು ಆಂಬಾ (ಮಾವಿನಹಣ್ಣು), ಪೋಳೀ (ಚಪಾತಿ) ಇವುಗಳ ಲಿಂಗವನ್ನು ಅನುಸರಿಸುತ್ತದೆ. ಕ್ರಿಯಾಪದ ಕರ್ಮದ ಹಿಂದೆ ಹೋಗುವುದರಿಂದ ಅದು ಕರ್ಮಣಿ. ಹಿಂದಿಯಲ್ಲಿ ‘ನೇ’ ಬಂದಾಗಲೂ ಹೀಗೇ. ಆದರೆ ಅರ್ಥ ನೋಡಿ, ಮಾತು ರಾಮನ ಬಗ್ಗೆಯೇ ಇದೆ. ಇದನ್ನು ಇಂಗ್ಲಿಷಲ್ಲಿ ಹೇಳುವಾಗ ‘ರಾಮ ಏಟ್ ದಿ ಮ್ಯಾಂಗೋ’ ಅಂತಲೇ ಹೇಳಬೇಕು, ಅದು ಆ್ಯಕ್ಟಿವ್. ಇಂಗ್ಲಿಷ್ ಪ್ಯಾಸಿವ್‌ಗೆ ಮರಾಠಿಯಲ್ಲಿ ಹತ್ತಿರ ಬರುವುದು ‘ರಾಮಾಕಡೂನ್ ರಾವಣ್ ಮಾರ್ಲಾ ಗೇಲಾ’ ಅನ್ನುವ ಥರದ್ದು. ಆ ‘ಗೇಲಾ’ ಇದ್ದಾಗ ಮಾತ್ರ ಪ್ಯಾಸಿವ್ ಅಂತ ಅವನಿಗೆ ಒಂದು ಗುರುತು ಕೊಡಿ. ಹಿಂದಿಯಲ್ಲಿ ‘ಗಯಾ’. ‘ರೋಟೀ ಖಾಯೀ’ ಅಂದರೆ ಆ್ಯಕ್ಟಿವ್, ‘ರೋಟೀ ಖಾಯೀ ಗಯೀ’ ಅಂದರೆ ಪ್ಯಾಸಿವ್. ಮೂರು ನಾಲ್ಕು ಭಾಷೆಯ ನಡುವೆ ಬೆಳೆಯುವ ಮುಂಬೈ ಮಕ್ಕಳಿಗೆ ಇದು ಒಂದು ಸಲ ಹೊಳೆದರೆ ಸಾಕು, ಮತ್ತೆ ಮರೆಯುವುದಿಲ್ಲ.

ಈಗ ಎರಡನೇ ವಿಷಯ, ಕಾಲ. ಶಾಲೆಯಲ್ಲಿ ಒಂದು ಉದ್ದ ಟೇಬಲ್ ಕೊಡುತ್ತಾರೆ, ಯಾವ ಟೆನ್ಸಿಗೆ ಏನು ಹಾಕಬೇಕು ಅಂತ. ಮಕ್ಕಳು ಅದನ್ನು ಗಟ್ಟಿ ಮಾಡುತ್ತಾರೆ, ಪರೀಕ್ಷೆ ಹಾಲಿನಲ್ಲಿ ಅರ್ಧ ಮರೆತು ‘ವಾಸ್’ ಹಾಕಿ ಬರುತ್ತಾರೆ. ಆ ಟೇಬಲ್ ನಿಜಕ್ಕೂ ಒಂದೇ ನಿಯಮ. ಅದು ಹೀಗಿದೆ: ಆ್ಯಕ್ಟಿವ್ ವಾಕ್ಯದ ಮುಖ್ಯ ಕ್ರಿಯಾಪದ ಯಾವ ರೂಪದಲ್ಲಿ ಇತ್ತೋ, ಅದೇ ರೂಪದಲ್ಲಿ ‘ಬಿ’ಯನ್ನು (ಈಸ್, ಆರ್, ವಾಸ್ ಇವೆಲ್ಲದರ ಮೂಲ ಪದ) ತಂದು ಅಲ್ಲಿ ನಿಲ್ಲಿಸಿ. ಆಮೇಲೆ ಮುಖ್ಯ ಕ್ರಿಯಾಪದದ ಮೂರನೇ ರೂಪವನ್ನು ಅದರ ಬೆನ್ನಿಗೆ ಹಾಕಿ. ಯಕ್ಷಗಾನದಲ್ಲಿ ಒಬ್ಬರ ವೇಷವನ್ನು ಇನ್ನೊಬ್ಬರು ಕಟ್ಟಿಕೊಂಡು ರಂಗಕ್ಕೆ ಬರುತ್ತಾರಲ್ಲ, ಹಾಗೆ ‘ರೈಟ್’ ಹಾಕಿಕೊಂಡಿದ್ದ ವೇಷವನ್ನು ಈಗ ‘ಬಿ’ ಹಾಕಿಕೊಳ್ಳುತ್ತದೆ. ‘ರೈಟ್’ ಮಾತ್ರ ಯಾವಾಗಲೂ ‘ರಿಟನ್’ ಆಗಿ ಹಿಂದೆ ನಿಲ್ಲುತ್ತದೆ.

ಮಾಡಿ ನೋಡೋಣ. ‘ಸೆಕ್ರೆಟರಿ ರೈಟ್ಸ್ ದಿ ನೋಟಿಸ್.’ ರೈಟ್ಸ್ ಅನ್ನುವುದು ವರ್ತಮಾನದ ರೂಪ. ‘ಬಿ’ಯ ವರ್ತಮಾನ ರೂಪ ಈಸ್. ಹಾಗಾಗಿ ‘ದಿ ನೋಟಿಸ್ ಈಸ್ ರಿಟನ್’. ರೋಟ್ ಅಂತ ಇದ್ದರೆ ‘ಬಿ’ಯ ಭೂತಕಾಲ ವಾಸ್, ‘ವಾಸ್ ರಿಟನ್’. ಈಗ ನಿಮ್ಮ ಮಗ ತಪ್ಪಿದ್ದು: ‘ಈಸ್ ರೈಟಿಂಗ್’. ಇಲ್ಲಿ ಮುಖ್ಯ ಕ್ರಿಯಾಪದ ‘ಇಂಗ್’ ವೇಷದಲ್ಲಿದೆ, ‘ಬಿ’ಗೂ ಅದೇ ‘ಇಂಗ್’ ಕೊಡಿ, ಬೀಯಿಂಗ್ ಆಯಿತು. ‘ಈಸ್’ ಇದ್ದಲ್ಲೇ ಇರಲಿ. ‘ದಿ ನೋಟಿಸ್ ಈಸ್ ಬೀಯಿಂಗ್ ರಿಟನ್.’ ವಾಸ್ ರೈಟಿಂಗ್ ಅಂತ ಇದ್ದರೆ ವಾಸ್ ಬೀಯಿಂಗ್ ರಿಟನ್. ‘ಹ್ಯಾಸ್ ರಿಟನ್’ ಇದ್ದರೆ? ಮುಖ್ಯ ಕ್ರಿಯಾಪದ ಮೂರನೇ ರೂಪದಲ್ಲಿದೆ, ‘ಬಿ’ಯ ಮೂರನೇ ರೂಪ ಬೀನ್. ಹ್ಯಾಸ್ ಬೀನ್ ರಿಟನ್. ಹ್ಯಾಡ್ ಇದ್ದರೆ ಹ್ಯಾಡ್ ಬೀನ್ ರಿಟನ್. ‘ವಿಲ್ ರೈಟ್’ ಅಂದರೆ ಅಲ್ಲಿ ಬರೀ ರೈಟ್ ಇದೆ, ಯಾವ ಬದಲಾವಣೆಯೂ ಇಲ್ಲ, ಹಾಗಾಗಿ ಬರೀ ಬಿ. ವಿಲ್ ಬಿ ರಿಟನ್. ಕ್ಯಾನ್, ಮಸ್ಟ್, ಶುಡ್, ಮೇ ಎಲ್ಲದಕ್ಕೂ ಇದೇ. ‘ವಿಲ್ ಹ್ಯಾವ್ ರಿಟನ್’ ಅಂತ ಹೆದರಿಸುವಂಥದ್ದು ಬಂದರೂ ಹೆದರಬೇಕಾಗಿಲ್ಲ, ರಿಟನ್ ಇದ್ದ ಜಾಗಕ್ಕೆ ಬೀನ್ ಹಾಕಿ ರಿಟನ್ ಅನ್ನು ಹಿಂದೆ ಹಾಕಿದರೆ ಮುಗಿಯಿತು. ‘ಟು ರೈಟ್’ ಇದ್ದರೆ ಟು ಬಿ ರಿಟನ್. ಟೇಬಲ್ ಬೇಕಾಗಲೇ ಇಲ್ಲ, ನೋಡಿದಿರಾ? ಮುಂಚೆ ಇದ್ದ ಸಹಾಯಕ ಪದಗಳನ್ನು ಯಾವುದನ್ನೂ ಬಿಸಾಡಬಾರದು, ಅಷ್ಟೇ ಎಚ್ಚರಿಕೆ.

‘ಹ್ಯಾಸ್ ಬೀನ್ ರೈಟಿಂಗ್’ ಥರದ್ದಕ್ಕೂ ಈ ನಿಯಮ ಹಾಕಿದರೆ ‘ಹ್ಯಾಸ್ ಬೀನ್ ಬೀಯಿಂಗ್ ರಿಟನ್’ ಅಂತ ಬರುತ್ತದೆ. ಅದನ್ನು ಜನ ಆಡುವುದು ತೀರಾ ಕಡಿಮೆ, ಶಾಲೆಯ ವ್ಯಾಕರಣದಲ್ಲಿ ಅದಕ್ಕೆ ಪ್ಯಾಸಿವ್ ಇಲ್ಲ ಅಂತಲೇ ಹೇಳುತ್ತಾರೆ. ಬಿಟ್ಟುಬಿಡಿ.

ಬಿಡಬಾರದ್ದು ಒಂದಿದೆ. ಈಸ್ ಅಥವಾ ಆರ್, ವಾಸ್ ಅಥವಾ ವರ್ ಅನ್ನುವುದನ್ನು ಹೊಸ ಸಬ್ಜೆಕ್ಟ್ ನೋಡಿ ಹಾಕಬೇಕು, ಹಳೆಯದನ್ನು ನೋಡಿ ಅಲ್ಲ. ‘ದಿ ಸೆಕ್ರೆಟರಿ ಈಸ್ ರೈಟಿಂಗ್ ದಿ ಲೆಟರ್ಸ್’ ಅಂದರೆ ‘ದಿ ಲೆಟರ್ಸ್ ಆರ್ ಬೀಯಿಂಗ್ ರಿಟನ್.’ ಒಬ್ಬರು ಬರೆದರೂ ಪತ್ರ ಹಲವು. ಇದರಲ್ಲಿ ಎಲ್ಲವನ್ನೂ ಸರಿ ಮಾಡಿ ಕೊನೆಗೆ ಹಳೆಯ ‘ಈಸ್’ ಅನ್ನು ಹಾಗೇ ಉಳಿಸಿ ಮಾರ್ಕ್ಸ್ ಕಳೆದುಕೊಳ್ಳುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ, ತುಂಬಾ ಬೇಜಾರಾಗುತ್ತದೆ.

ಪ್ರಶ್ನೆ ವಾಕ್ಯ ಬಂದಾಗ ‘ಡಿಡ್’, ‘ಡಸ್’, ‘ಡು’ ಮಾಯ ಆಗುತ್ತವೆ. ‘ಡಿಡ್ ಹಿ ರೈಟ್ ದಿ ಲೆಟರ್?’ ಅನ್ನುವುದು ‘ವಾಸ್ ದಿ ಲೆಟರ್ ರಿಟನ್ ಬೈ ಹಿಮ್?’ ಆಗುತ್ತದೆ. ಡಿಡ್‌ನಲ್ಲಿದ್ದ ಭೂತಕಾಲ ವಾಸ್‌ಗೆ ಬಂತು. ಪ್ರಶ್ನೆ ಕೇಳಲು ‘ಬಿ’ಗೆ ‘ಡು’ವಿನ ಸಹಾಯ ಬೇಡ, ಅದು ತಾನೇ ಮುಂದೆ ಹೋಗಿ ನಿಲ್ಲುತ್ತದೆ. ‘ಹೂ ಬ್ರೋಕ್ ದಿ ಗ್ಲಾಸ್?’ ಬಂದರೆ ‘ಬೈ ಹೂಮ್ ವಾಸ್ ದಿ ಗ್ಲಾಸ್ ಬ್ರೋಕನ್?’ ಅಂತ ಬರೆಯಲಿ.

ಎರಡು ಆಬ್ಜೆಕ್ಟ್ ಇರುವ ವಾಕ್ಯದಲ್ಲಿ ಸ್ವಲ್ಪ ನಿಲ್ಲಬೇಕು. ‘ದಿ ಟೀಚರ್ ಗೇವ್ ದಿ ಬಾಯ್ ಎ ಬುಕ್.’ ಪುಸ್ತಕವನ್ನು ಮುಂದೆ ತಂದರೆ ‘ಎ ಬುಕ್ ವಾಸ್ ಗಿವನ್ ಟು ದಿ ಬಾಯ್’. ಇದು ನಮಗೆ ಸಲೀಸು, ಯಾಕೆಂದರೆ ಕನ್ನಡದಲ್ಲೂ ಕೊಟ್ಟದ್ದು ಪುಸ್ತಕವನ್ನೇ. ಆದರೆ ಇಂಗ್ಲಿಷಿನವರು ಜಾಸ್ತಿ ಹೇಳುವುದು ‘ದಿ ಬಾಯ್ ವಾಸ್ ಗಿವನ್ ಎ ಬುಕ್’ ಅಂತ. ಹುಡುಗನೇ ಸಬ್ಜೆಕ್ಟ್! ಕನ್ನಡದಲ್ಲಿ ಹುಡುಗನಿಗೆ ಅಂಟಿಕೊಂಡಿರುವ ‘ಗೆ’ಯನ್ನು ಬಿಡಿಸುವುದು ನಮ್ಮ ಮನಸ್ಸಿಗೆ ಕಷ್ಟ. ‘ನನಗೆ ಹೇಳಿದರು’, ‘ನನಗೆ ಸೀಟು ಕೊಟ್ಟರು’, ‘ನನಗೆ ಕೇಳಿದರು’, ಹೀಗೆ ‘ನನಗೆ’ ಅಂತ ಶುರು ಮಾಡುವ ಎಷ್ಟೋ ವಾಕ್ಯ ಇಂಗ್ಲಿಷಲ್ಲಿ ‘ಐ’ ಅಂತ ಶುರುವಾಗುತ್ತದೆ. ಐ ವಾಸ್ ಟೋಲ್ಡ್. ಐ ವಾಸ್ ಗಿವನ್ ಎ ಸೀಟ್. ಐ ವಾಸ್ ಆಸ್ಕ್‌ಡ್. ಇಂಟರ್‌ವ್ಯೂಗೆ ಹೋದ ನಮ್ಮ ಹುಡುಗರು ‘ಟು ಮಿ ದೇ ಟೋಲ್ಡ್’ ಅನ್ನುವುದು ಈ ‘ಗೆ’ ಬಿಡಿಸಲಾಗದೆ. ಮಗನಿಗೆ ದಿನಾ ಐದಾರು ‘ನನಗೆ’ ವಾಕ್ಯ ಕೊಟ್ಟು ‘ಐ ವಾಸ್’ ಅಂತ ಹೇಳಿಸಿ. ಪರೀಕ್ಷೆಗಿಂತ ಮುಂದೆ ಕೆಲಸಕ್ಕೆ ಬರುವುದು ಇದೇ.

‘ಐ ವಾಸ್ ಬಾರ್ನ್’ ಕೂಡ ಪ್ಯಾಸಿವೇ. ‘ಐ ಬಾರ್ನ್ ಇನ್ ಉಡುಪಿ’ ಅಂತ ಬರೆದ ಎಷ್ಟೋ ಬಯೋಡೇಟಾ ತಿದ್ದಿದ್ದೇನೆ.

‘ಬೈ’ ವಿಷಯ. ಶಾಲೆಯಲ್ಲಿ ಎಲ್ಲದಕ್ಕೂ ಬೈ ಹಾಕಿಸುತ್ತಾರೆ, ಪರೀಕ್ಷೆಯಲ್ಲಿ ಅವನೂ ಹಾಕಲಿ, ಕೊಟ್ಟ ವಾಕ್ಯದ ಮಾಹಿತಿ ಬಿಟ್ಟುಹೋಗಬಾರದಲ್ಲ. ಸಬ್ಜೆಕ್ಟ್ ಬರೀ ‘ಸಮ್‌ಬಡಿ’, ‘ಪೀಪಲ್’, ‘ದೇ’ ಆಗಿದ್ದರೆ ಮಾತ್ರ ಬಿಡಬಹುದು. ಆದರೆ ಬರವಣಿಗೆಯಲ್ಲಿ ಯಾರು ಮಾಡಿದರು ಅನ್ನುವುದು ಓದುವವರಿಗೆ ಹೊಸ ಸುದ್ದಿ ಆಗಿದ್ದರೆ ಮಾತ್ರ ಬೈ ಬೇಕು. ‘ಬಾಂಬೆ ವಾಸ್ ರಿನೇಮ್ಡ್ ಮುಂಬೈ ಇನ್ 1995.’ ಇಲ್ಲಿ ಹೆಸರು ಬದಲಾಯಿತು ಅನ್ನುವುದೇ ಸುದ್ದಿ, ಬೈ ಬೇಡ. ‘ದಿ ಗೇಟ್‌ವೇ ಆಫ್ ಇಂಡಿಯಾ ವಾಸ್ ಡಿಸೈನ್ಡ್ ಬೈ ಜಾರ್ಜ್ ವಿಟೆಟ್.’ ಇಲ್ಲಿ ಬೈ ತೆಗೆದರೆ ವಾಕ್ಯದಲ್ಲಿ ಏನೂ ಉಳಿಯುವುದಿಲ್ಲ, ಎಲ್ಲ ಕಟ್ಟಡವನ್ನೂ ಯಾರೋ ಒಬ್ಬರು ಡಿಸೈನ್ ಮಾಡಿಯೇ ಇರುತ್ತಾರಲ್ಲ. ಅದೇ ಗೇಟ್‌ವೇ ಬಗ್ಗೆ ‘ದಿ ಫೌಂಡೇಷನ್ ಸ್ಟೋನ್ ವಾಸ್ ಲೇಡ್ ಇನ್ 1911’ ಅಂತ ಬರೆದರೆ ಮುಖ್ಯ ಆಗುವುದು ವರ್ಷ, ಮತ್ತೆ ಬೈ ಬೇಡ. ಬೈ ಬದಲು ಬೇರೆ ಪದ ಬರುವ ಕೆಲವು ಇವೆ, ಅವನ್ನು ಬಾಯಿಪಾಠವೇ ಮಾಡಬೇಕು: ನೋನ್ ಟು, ಫಿಲ್ಡ್ ವಿತ್, ಪ್ಲೀಸ್ಡ್ ವಿತ್, ಸರ್ಪ್ರೈಸ್ಡ್ ಅಟ್, ಇಂಟರೆಸ್ಟೆಡ್ ಇನ್. ಹಾಗೆಯೇ ‘ಲಾಫ್ ಅಟ್’, ‘ಲುಕ್ ಆಫ್ಟರ್’ ಇದ್ದರೆ ಆ ಬಾಲವನ್ನು ಕಳೆದುಕೊಳ್ಳಬಾರದು. ‘ದೇ ಲಾಫ್ಡ್ ಅಟ್ ಹಿಮ್’ ಅಂದರೆ ‘ಹಿ ವಾಸ್ ಲಾಫ್ಡ್ ಅಟ್ ಬೈ ದೆಮ್’. ಅಟ್, ಬೈ ಎರಡೂ ಅಕ್ಕಪಕ್ಕ ಬಂದರೆ ತಪ್ಪು ಅನಿಸುತ್ತದೆ, ಆದರೆ ಅದೇ ಸರಿ.

ಆಜ್ಞೆಯ ವಾಕ್ಯ: ‘ಓಪನ್ ದಿ ಡೋರ್’ ಅಂದರೆ ‘ಲೆಟ್ ದಿ ಡೋರ್ ಬಿ ಓಪನ್ಡ್’ ಅಂತ ಪುಸ್ತಕದಲ್ಲಿದೆ. ಮಾರ್ಕ್ಸಿಗೆ ಕಲಿಯಲಿ. ಮನೆಯಲ್ಲಾಗಲಿ ಆಫೀಸಲ್ಲಾಗಲಿ ಹಾಗೆ ಮಾತಾಡಬಾರದು, ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ‘ಪ್ಲೀಸ್’ ಇರುವ ವಾಕ್ಯ ‘ಯು ಆರ್ ರಿಕ್ವೆಸ್ಟೆಡ್ ಟು’ ಅಂತ ಆಗುತ್ತದೆ, ಅದು ನಿಜವಾಗಿಯೂ ಬಳಕೆಯಲ್ಲಿದೆ, ಅದನ್ನು ಚೆನ್ನಾಗಿ ಕಲಿಸಿ.

ಅಲ್ಲಿಂದ ನಿಮ್ಮ ಸೊಸೈಟಿ ನೋಟಿಸ್‌ಗೆ ಬರೋಣ. ನೀವು ಬರೆದದ್ದು: ‘ಆನ್ ಸಂಡೇ ವಾಟರ್ ಟ್ಯಾಂಕ್ ವಿಲ್ ಕ್ಲೀನ್. ಮೆಂಬರ್ಸ್ ಆರ್ ರಿಕ್ವೆಸ್ಟಿಂಗ್ ಟು ಸ್ಟೋರ್ ವಾಟರ್.’ ಓದಿದವರಿಗೆ ವಿಷಯ ತಿಳಿಯುತ್ತದೆ, ಆದರೆ ಈಗ ಇರುವ ಅರ್ಥ, ಟ್ಯಾಂಕೇ ಏನನ್ನೋ ತೊಳೆಯುತ್ತದೆ, ಮತ್ತು ಮೆಂಬರ್‌ಗಳೇ ನಿಮ್ಮ ಹತ್ತಿರ ಕೇಳಿಕೊಳ್ಳುತ್ತಿದ್ದಾರೆ ಅಂತ. ‘ದಿ ವಾಟರ್ ಟ್ಯಾಂಕ್ ವಿಲ್ ಬಿ ಕ್ಲೀನ್ಡ್ ಆನ್ ಸಂಡೇ. ಮೆಂಬರ್ಸ್ ಆರ್ ರಿಕ್ವೆಸ್ಟೆಡ್ ಟು ಸ್ಟೋರ್ ವಾಟರ್.’ ಒಂದು ‘ಬಿ’ ಸೇರಿಸಿದ್ದು, ಎರಡು ಕಡೆ ಮೂರನೇ ರೂಪ ಹಾಕಿದ್ದು, ಕ್ರಿಯಾಪದಗಳಲ್ಲಿ ಅಷ್ಟೇ ವ್ಯತ್ಯಾಸ. ‘ಆರ್ ರಿಕ್ವೆಸ್ಟಿಂಗ್’ ಅಂದರೆ ಕೇಳುವವರು, ‘ಆರ್ ರಿಕ್ವೆಸ್ಟೆಡ್’ ಅಂದರೆ ಕೇಳಿಸಿಕೊಳ್ಳುವವರು. ಟ್ಯಾಂಕ್ ಯಾರು ತೊಳೆಯುತ್ತಾರೆ ಅನ್ನುವುದು ಮೆಂಬರ್‌ಗಳಿಗೆ ಬೇಕಿಲ್ಲ, ಅವರಿಗೆ ಬೇಕಾದದ್ದು ನೀರು ಯಾವಾಗ ಇರುವುದಿಲ್ಲ ಅಂತ. ಹಾಗಾಗಿ ಇಲ್ಲಿ ಪ್ಯಾಸಿವೇ ಸರಿಯಾದ ಆಯ್ಕೆ. ಉಪಯೋಗ ಇದೆಯಾ ಅಂತ ಕೇಳಿದಿರಲ್ಲ, ನೀವು ಬರೆಯಲು ಕೂತ ಮೊದಲ ಸಾಲಲ್ಲೇ ಅದು ಬೇಕಾಯಿತು. ಸೈನ್ಸ್ ಪ್ರಾಕ್ಟಿಕಲ್ ಬುಕ್ಕಲ್ಲೂ ಹಾಗೇ, ‘ದಿ ವಾಟರ್ ವಾಸ್ ಹೀಟೆಡ್’ ಅಂತ ಬರೆಯುವಾಗ ನೀರು ಕಾಯಿಸಿದ್ದು ಯಾರು ಅನ್ನುವುದು ಮುಖ್ಯವಲ್ಲ.

ಆದರೆ ಇದೇ ಗುಣದಿಂದ ಪ್ಯಾಸಿವ್ ಅಪಾಯ ಕೂಡ ಹೌದು. ಇದನ್ನು ಶಾಲೆಯಲ್ಲಿ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ‘ಇಟ್ ಹ್ಯಾಸ್ ಬೀನ್ ಡಿಸೈಡೆಡ್ ಟು ಇನ್‌ಕ್ರೀಸ್ ದಿ ಪಾರ್ಕಿಂಗ್ ಚಾರ್ಜಸ್’ ಅಂತ ನೋಟಿಸ್ ಬೋರ್ಡಲ್ಲಿ ಬಂತು ಅಂದುಕೊಳ್ಳಿ. ಯಾರು ತೀರ್ಮಾನ ಮಾಡಿದರು? ಜನರಲ್ ಬಾಡಿಯಾ, ಕಮಿಟಿಯಾ, ಒಬ್ಬರೇ ಕೂತು ಮಾಡಿದ್ದಾ? ವಾಕ್ಯ ಅದನ್ನು ಹೇಳದೆ ದಾಟಿಬಿಟ್ಟಿತು. ಹಣ, ನಿಯಮ, ತಪ್ಪು, ಈ ಮೂರರ ಬಗ್ಗೆ ಬರೆಯುವಾಗ ಮಾಡಿದವರ ಹೆಸರು ಇರಲೇಬೇಕು. ‘ದಿ ಜನರಲ್ ಬಾಡಿ ಡಿಸೈಡೆಡ್’ ಅಂತ ಆ್ಯಕ್ಟಿವ್ ಬರೆಯಿರಿ, ಇಲ್ಲವಾದರೆ ಬೈ ಹಾಕಿ ಹೆಸರು ಸೇರಿಸಿ. ನಾವು ರೈಲಲ್ಲಿ ಕೇಳುವ ‘ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’ ಅನ್ನುವ ಅನೌನ್ಸ್‌ಮೆಂಟನ್ನೂ ಮಗನಿಗೆ ಬಿಡಿಸಿ ತೋರಿಸಿ. ತೊಂದರೆ ಮಾಡಿದವರು ಯಾರು ಅಂತ ಅದರಲ್ಲಿ ಇಲ್ಲ, ವಿಷಾದಿಸುವವರು ಯಾರು ಅಂತಲೂ ಇಲ್ಲ. ಅದರಲ್ಲಿ ವ್ಯಾಕರಣದ ಒಂದು ಪಾಠವೂ ಇದೆ: ಕಾಸ್ಡ್, ರಿಗ್ರೆಟೆಡ್ ಎರಡೂ ಮೂರನೇ ರೂಪವೇ, ಆದರೆ ವಾಕ್ಯದ ಕ್ರಿಯಾಪದ ಆಗಿರುವುದು ‘ಈಸ್’ ಹಿಂದೆ ಇರುವ ರಿಗ್ರೆಟೆಡ್ ಮಾತ್ರ. ಕಾಸ್ಡ್ ಅನ್ನುವುದು ‘ಆದ ತೊಂದರೆ’ ಅನ್ನುವಲ್ಲಿನ ‘ಆದ’ ಇದ್ದ ಹಾಗೆ, ತೊಂದರೆಯನ್ನು ವರ್ಣಿಸುತ್ತದೆ ಅಷ್ಟೇ. ಮೂರನೇ ರೂಪ ಕಂಡ ತಕ್ಷಣ ಪ್ಯಾಸಿವ್ ಅಂತ ಹೇಳಬಾರದು, ಅದರ ಮುಂದೆ ‘ಬಿ’ಯ ಯಾವುದಾದರೂ ರೂಪ ಇದೆಯಾ ನೋಡಬೇಕು.

ಪ್ಯಾಸಿವ್‌ನಿಂದ ಮತ್ತೆ ಆ್ಯಕ್ಟಿವ್‌ಗೆ ಬದಲಾಯಿಸಿ ಅಂತ ಬಂದರೆ ಇದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ‘ಬಿ’ಯ ರೂಪ ಯಾವುದು ನೋಡಿ, ಅದೇ ರೂಪವನ್ನು ಮುಖ್ಯ ಕ್ರಿಯಾಪದಕ್ಕೆ ಕೊಟ್ಟು, ‘ಬಿ’ಯನ್ನು ತೆಗೆಯಿರಿ. ‘ಈಸ್ ಬೀಯಿಂಗ್ ರಿಟನ್’ನಲ್ಲಿ ಬೀಯಿಂಗ್ ತೆಗೆದು ‘ಇಂಗ್’ ಅನ್ನು ರೈಟ್‌ಗೆ ಕೊಟ್ಟರೆ ಈಸ್ ರೈಟಿಂಗ್. ಬೈ ಇಲ್ಲದಿದ್ದರೆ ಮಾಡಿದವರು ಯಾರಿರಬಹುದು ಅಂತ ಯೋಚಿಸಿ ಹಾಕಬೇಕು. ‘ದಿ ಥೀಫ್ ವಾಸ್ ಅರೆಸ್ಟೆಡ್’ ಅಂದರೆ ‘ದಿ ಪೊಲೀಸ್’. ಏನೂ ಹೊಳೆಯದಿದ್ದರೆ ‘ಸಮ್‌ಒನ್’.

ಅಭ್ಯಾಸಕ್ಕೆ ನೀವು ಗೈಡ್ ತರಬೇಕಾಗಿಲ್ಲ. ಒಂದೇ ಒಂದು ಆ್ಯಕ್ಟಿವ್ ವಾಕ್ಯ ತೆಗೆದುಕೊಳ್ಳಿ, ಉದಾಹರಣೆಗೆ ‘ದಿ ಕುಕ್ ಮೇಕ್ಸ್ ದೋಸಾಸ್’. ಅದನ್ನು ಮೊದಲು ಎಲ್ಲ ಕಾಲದಲ್ಲೂ ಆ್ಯಕ್ಟಿವ್ ಆಗಿಯೇ ಬರೆಯಲಿ, ಮೇಡ್, ಈಸ್ ಮೇಕಿಂಗ್, ಹ್ಯಾಸ್ ಮೇಡ್, ವಿಲ್ ಮೇಕ್ ಅಂತ. ಆಮೇಲೆ ಪ್ರತಿಯೊಂದರ ಎದುರು ಮುಖ್ಯ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಅದರ ವೇಷ ಯಾವುದು ಅಂತ ಬಾಯಲ್ಲಿ ಹೇಳಿ, ಆಮೇಲೆ ಪ್ಯಾಸಿವ್ ಬರೆಯಲಿ. ಬಾಯಲ್ಲಿ ಹೇಳುವುದನ್ನು ತಪ್ಪಿಸಬೇಡಿ, ಕೈ ಅವಸರ ಮಾಡುತ್ತದೆ. ಮೇಡ್ ಅನ್ನುವ ಪದ ಎರಡನೇ ರೂಪವೂ ಹೌದು, ಮೂರನೇ ರೂಪವೂ ಹೌದು, ಹಾಗಾಗಿ ಹ್ಯಾಸ್ ಇದೆಯಾ ಇಲ್ಲವಾ ಅಂತ ನೋಡಿಯೇ ವಾಸ್ ಬೇಕಾ ಬೀನ್ ಬೇಕಾ ಅಂತ ಹೇಳಲು ಬರುತ್ತದೆ, ಆ ಗಮನ ಬರಲಿ ಅಂತಲೇ ಈ ಪದ ಕೊಟ್ಟೆ. ಮರುದಿನ ಬೇರೆ ಕ್ರಿಯಾಪದ. ನಡುನಡುವೆ ‘ದಿ ಬಾಯ್ ಸ್ಲೆಪ್ಟ್’ ಥರದ್ದೊಂದನ್ನು ಸೇರಿಸಿ, ಇದಕ್ಕೆ ಆಗುವುದಿಲ್ಲ ಅಂತ ಅವನೇ ಹೇಳುವ ತನಕ. ಅವನು ಬರೆದದ್ದನ್ನು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ.